ಎರಡು ಸಾವಿರ ಬಣ್ಣದ ಕಾಗದ

ನನ್ನ ನೌಕರಿಯ ಹೆಸರು ಉದ್ದ ಇತ್ತು. ಪ್ರವಾಸಿ ಮಾಹಿತಿ ಸಹಾಯಕಿ, ಅದಾದ ಮೇಲೆ ಕಂಸದೊಳಗೆ ಇನ್ನೊಂದು ಪದ. 'ತ' ಅಕ್ಷರದಿಂದ ಶುರುವಾಗುತ್ತಿತ್ತು. ತಾಂತ್ರಿಕ? ಅಲ್ಲ. ತಾಲೂಕು? ಅದೂ ಅಲ್ಲ. ಹದಿನೆಂಟು ವರ್ಷ ಪ್ರತಿ ಆದೇಶದಲ್ಲೂ ಓದಿದ ಪದ, ಈಗ ನಾಲಿಗೆ ತುದಿಗೆ ಬಂದು ವಾಪಸ್ ಹೋಗುತ್ತಿದೆ. ಕಂಸ ಹಾಕಿ ಒಳಗೆ ಜಾಗ ಬಿಟ್ಟಿದ್ದೇನೆ. ಸಿಕ್ಕಾಗ ತುಂಬುತ್ತೇನೆ.

ಪ್ರವಾಸಿ ಮಾಹಿತಿ ಸಹಾಯಕಿ ( ...... ).

ಮಾಹಿತಿ ಕೊಡುವ ಕೋಣೆಯಲ್ಲಿ ಕೂತವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಸಾಕು, ಅದೇ ಒಳಗೆ ಬಂದು ದಾರಿ ಕೇಳುತ್ತದೆ. ಹಾಗೆ ಬಂದವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುತ್ತಿರುವುದು ಒಂದು ಬದಿ ಬಣ್ಣದ ಚಿತ್ರ, ಇನ್ನೊಂದು ಬದಿ ಖಾಲಿ ಇರುವ ಕರಪತ್ರಗಳ ಬೆನ್ನ ಮೇಲೆ. ಈ ಕಾಗದ ನನ್ನ ಹತ್ತಿರ ಹೇಗೆ ಬಂತು ಎನ್ನುವುದೂ ಮುಂದೆ ಗೊತ್ತಾಗುತ್ತದೆ.

ಮುಂದ ಯಾವುದು, ಹಿಂದ ಯಾವುದು

ನಾನು ಹುಟ್ಟಿದ್ದು ಕಡಲ ಪಕ್ಕ, ಹೊನ್ನಾವರದ ಕಡೆ. ಯಜಮಾನರಿಗೆ ಹಡಗಲಿ ತಾಲೂಕಿನ ಮಾಗಳದಲ್ಲಿ, ಹೊಳೆಯ ಪಂಪ್‌ಹೌಸಿನಲ್ಲಿ ಕೆಲಸವಾಯಿತು. ಅವರ ಹಿಂದೆ ಬಂದೆ. ನನಗೆ ನಲವತ್ತೆರಡು ತುಂಬುವಾಗ ಅವರು ತೀರಿಹೋದರು. ಮಗಳು ಆರನೇ ಕ್ಲಾಸಿನಲ್ಲಿದ್ದಳು.

ಅದೇ ಕಾಲಕ್ಕೆ, ಮಾಗಳದ ಹಳೇ ಕಲ್ಲಿನ ಗುಡಿಯನ್ನೂ ತುಂಗಭದ್ರೆಯನ್ನೂ ನೋಡಲು ಬರುವವರಿಗೆಂದು ಹೊಳೆ ದಂಡೆಯಲ್ಲಿ ಒಂದು ಕೋಣೆ ತೆರೆದರು. ಒಂದು ಮೇಜು, ಒಂದು ಅಳ್ಳಾಡುವ ಸ್ಟೂಲು, ಒಂದು ಸಂದರ್ಶಕರ ಪುಸ್ತಕ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆನಾದ್ದರಿಂದ ಆ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ಒಂದೇ ಒಂದು ಷರತ್ತು. ಪ್ರತಿ ಮಾರ್ಚ್‌ನಲ್ಲಿ ಪುಸ್ತಕ ನೋಡುತ್ತಾರೆ. ಸಾಕಷ್ಟು ಜನ ಬಂದಿದ್ದರೆ ಇನ್ನೊಂದು ವರ್ಷ. ಬಂದಿರದಿದ್ದರೆ ಕೋಣೆಗೆ ಬೀಗ, ನನಗೆ ಮತ್ತು ಮಗಳಿಗೆ ಅಣ್ಣನ ಮನೆ. ಅಣ್ಣ ಪ್ರತಿ ಕಾಗದದಲ್ಲೂ ಬಾ ಬಾ ಎಂದು ಬರೆಯುತ್ತಿದ್ದ. ಅತ್ತಿಗೆ ಆ ಕಾಗದಕ್ಕೆ ಅಂಟು ಹಚ್ಚುತ್ತಿದ್ದಳು, ಅಷ್ಟೇ.

ಮೊದಲ ದಿನ, ಹೊಳೆಯ ಮಾಹಿತಿ ಕೊಡುವವಳು ಹೊಳೆ ದಾಟಿರಬೇಕು ಎಂದುಕೊಂಡು ತೆಪ್ಪ ಹತ್ತಿದೆ. ಬಿದಿರು ಹೆಣೆದು ಮಾಡಿದ ದುಂಡನೆ ತೆಪ್ಪ, ದೊಡ್ಡ ಬುಟ್ಟಿಯ ಹಾಗೆ. ಅದನ್ನು ನಡೆಸುವವನನ್ನು ಊರೆಲ್ಲ ತೆಪ್ಪದಣ್ಣ ಎನ್ನುತ್ತಿತ್ತು.

"ಹುಷಾರ್ರಿ ಅಕ್ಕಾ," ಎಂದ.

"ನಾನು ಕಡಲಿನವಳು. ದೋಣಿ ನನಗೆ ಹೊಸದಲ್ಲ," ಎಂದು ಆಚೆ ದಂಡೆಗೆ ಮುಖ ಮಾಡಿ ನೆಟ್ಟಗೆ ಕೂತೆ.

ತೆಪ್ಪ ತಿರುಗಿತು. ನನ್ನ ಮುಖ ಮಾಗಳದ ಕಡೆ ಆಯಿತು. ಎದ್ದು ಸರಿದು ಮತ್ತೆ ಮುಂದಕ್ಕೆ ಮುಖ ಮಾಡಿ ಕೂತೆ. ಮತ್ತೆ ತಿರುಗಿತು. ಮತ್ತೆ ಸರಿದೆ. ನಾಲ್ಕನೇ ಸಲಕ್ಕೆ ತೆಪ್ಪದಣ್ಣ ಹುಟ್ಟು ಹಾಕುವುದನ್ನೇ ನಿಲ್ಲಿಸಿದ.

"ಅಕ್ಕಾ, ಯಾಕ ಒಂದಾ ಸಮ ಎದ್ದು ಕುಂತು ಮಾಡಾಕತ್ತೀರಿ? ಕೂಸಿಗೆ ಜೋಲಿ ತೂಗಿದಂಗಾತು."

"ಮುಂದಕ್ಕೆ ಮುಖ ಮಾಡಿ ಕೂರಬೇಕಲ್ಲ?"

"ತೆಪ್ಪಕ್ಕ ಮುಂದ ಹಿಂದ ಇಲ್ರಿ. ನೀವು ಸುಮ್ನ ಕುಂದ್ರಿ. ಆಚಿ ದಂಡಿ ತಾನಾ ನಿಮ್ಮ ಕಡಿ ಬರ್ತೈತಿ."

ಬಂತು. ಸಂಜೆ ಹೊತ್ತಿಗೆ ಊರಿಗೆಲ್ಲ ಸುದ್ದಿಯೂ ಬಂತು: "ಮಾಹಿತಿ ಕೊಡಾ ಅಕ್ಕಗ ಮೊದಲನೇ ಮಾಹಿತಿ ನಾನಾ ಕೊಟ್ಟೆ."

ಗುಡಿ ಇನ್ನೂ ಅಲ್ಲೇ ಇದೆ

ಮೈಸೂರು ಕಡೆಯಿಂದ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದರು. ಗುಡಿಗೆ ದಾರಿ ಕೇಳಿದರು. ನನ್ನ ಬಾಗಿಲಲ್ಲಿ ನಿಂತರೆ ಗುಡಿ ಕಾಣುತ್ತದೆ. ಬಲಕ್ಕೆ ತಿರುಗಿ, ನೆಟ್ಟಗೆ ಹೋಗಿ ಎಂದೆ. ಮಾಹಿತಿ ಪೂರ್ತಿ ಇತ್ತು. ಆದರೆ ಈ ಸೀಮೆಯ ಜನ ದಾರಿ ಹೇಳುವುದಿಲ್ಲ, ದಾರಿ ಕೇಳಿದವರ ಜೊತೆ ಹೊರಡುತ್ತಾರೆ. ಮೇವಿನ ಹೊರೆ ಹೊತ್ತ ಮುದುಕಿಯೊಬ್ಬಳು ಇದನ್ನು ಕೇಳಿಸಿಕೊಂಡಳು.

"ಗುಡಿಗಾ? ನಾನೂ ಅತ್ಲಾಗಾ ಹೊಂಟೀನಿ. ಬರ್ರಿ ತಂಗಿ, ಬರ್ರಿ ತಮ್ಮಾ."

ಅವಳು ಹೊರಟಿದ್ದದ್ದು ಇತ್ಲಾಗೆ. ಅದು ನನಗೆ ಗೊತ್ತಿತ್ತು, ಆ ದಂಪತಿಗೆ ಗೊತ್ತಿರಲಿಲ್ಲ. ಮೊದಲು ಹೊರೆ ಇಳಿಸಲು ಮನೆಗೆ ಹೋದರಂತೆ. ಮನೆಯಲ್ಲಿ ಆ ದಿನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಕಾರ್ಯದ ಮನೆಗೆ ಬಂದವರು ಉಣ್ಣದೆ ಹೋಗುವಂತಿಲ್ಲ. ಉಂಡವರು ಕೂಸಿನ ಮುಖ ನೋಡದೆ ಹೋಗುವಂತಿಲ್ಲ. ಮುಖ ನೋಡಿದ ಹೆಣ್ಣುಮಗಳು ತೊಟ್ಟಿಲು ತೂಗಿ ಒಂದು ಹಾಡು ಹೇಳದೆ ಹೋಗುವಂತಿಲ್ಲ. ಸಂಜೆ ಬಸ್ಸು ಹಾರ್ನ್ ಹಾಕುವಾಗ ಇಬ್ಬರೂ ಓಡಿ ಬಂದು ನನ್ನ ಪುಸ್ತಕದಲ್ಲಿ ನಾಲ್ಕು ಅಕ್ಷರ ಗೀಚಿ ಬಸ್ಸು ಹತ್ತಿದರು. 'ನೋಡಿದ ಸ್ಥಳ' ಎಂಬಲ್ಲಿ ಬರೆದಿದ್ದರು: "ಗುಡಿ ನೋಡಲಾಗಲಿಲ್ಲ. ಕೂಸನ್ನು ನೋಡಿದೆವು. ಹೋಳಿಗೆ ತಲಾ ಮೂರು."

ವರ್ಷ ಕಳೆದು ತಮ್ಮದೇ ಕೂಸನ್ನು ಎತ್ತಿಕೊಂಡು ಮತ್ತೆ ಬಂದರು. ಈ ಸಲ ಗುಡಿ ನೋಡಿಯೇ ಹೋಗುತ್ತೇವೆ ಎಂದರು. ನಾನು ಹೊರಗೆ ಇಣುಕಿದೆ. ದಾರಿಯಲ್ಲಿ ಮುದುಕಿ ನಿಂತಿದ್ದಳು.

ಗುಡಿ ಇನ್ನೂ ಅಲ್ಲೇ ಇದೆ. ಅವರು ಇನ್ನೂ ನೋಡಿಲ್ಲ.

ಮಿರ್ಚಿ ಅಂಗಡಿಯ ದೂರು

ಕೋಣೆ ತೆರೆದು ಮೂರು ನಾಲ್ಕು ವರ್ಷವಾಗಿರಬೇಕು, ಬಸ್ಸಿನ ಮೇಲೆ ಎರಡು ಪೆಟ್ಟಿಗೆ ಬಂದವು. ಕೊನೆಗೂ ನಮ್ಮ ಹೊಳೆಯ ಮೇಲೆ, ನಮ್ಮ ಗುಡಿಯ ಮೇಲೆ ಕರಪತ್ರ ಅಚ್ಚಾಗಿದೆ ಎಂದು ನಾನೂ ತೆಪ್ಪದಣ್ಣನೂ ಹಗ್ಗ ಬಿಚ್ಚಿದೆವು. ಎರಡು ಸಾವಿರ ಕಾಗದ. ಬಣ್ಣವೆಂದರೆ ಬಣ್ಣ. "ಬೆಟ್ಟದ ತಪ್ಪಲಿಗೆ ಬನ್ನಿ" ಎಂದು ಮೇಲೆ ದಪ್ಪಕ್ಷರ. ಒಂದು ಚಿತ್ರದಲ್ಲಿ ಹಸಿರು ಬೆಟ್ಟದ ಬುಡದಲ್ಲಿ ದ್ರಾಕ್ಷಿ ತೋಟ, ದ್ರಾಕ್ಷಿಯಿಂದ ವೈನ್ ತೆಗೆಯುವ ದೊಡ್ಡ ಮನೆ, ಕೈಯಲ್ಲಿ ಗಾಜಿನ ಲೋಟ ಹಿಡಿದು ನಗುವ ಜನ. ಇನ್ನೊಂದರಲ್ಲಿ ನೊರೆ ಕಾರುವ ಹೊಳೆ, ಗಾಳಿ ತುಂಬಿದ ರಬ್ಬರ್ ದೋಣಿ, ಅದರಲ್ಲಿ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಬಾಯಿ ತೆರೆದವರು.

ತೆಪ್ಪದಣ್ಣ ಕಾಗದವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ಅಕ್ಕಾ, ಇದು ನಮ್ಮ ಹೊಳಿ ಅಲ್ಲ ಬಿಡ್ರಿ. ನಮ್ಮ ಹೊಳಿ ಇಷ್ಟು ಸಿಟ್ಟಿಗೇಳಾದಿಲ್ಲ."

ಯಾವುದೋ ಬೇರೆ ಸೀಮೆಯ ಕಾಗದ ನಮ್ಮ ವಿಳಾಸಕ್ಕೆ ಬಂದಿತ್ತು. ಆ ಸೀಮೆಯ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅದರ ಮೇಲೆಯೇ "ವಿತರಿಸುವ ಕೋಣೆಯ ಮುದ್ರೆ ಇಲ್ಲಿ" ಎಂಬ ಚೌಕ. ನಾನು ತಪ್ಪಾಗಿದೆ ಎಂದು ಮೇಲಿನವರಿಗೆ ಪತ್ರ ಬರೆದೆ. ಉತ್ತರ ಬಂತು: "ಸರಬರಾಜಾದ ಕರಪತ್ರಗಳನ್ನು ಮುದ್ರೆ ಹಾಕಿ ವಿತರಿಸಿ ಮುಗಿಸತಕ್ಕದ್ದು. ಮುಗಿದ ನಂತರವೇ ಹೊಸ ಬೇಡಿಕೆ ಸಲ್ಲಿಸತಕ್ಕದ್ದು."

ನನ್ನದು ವರ್ಷ ವರ್ಷದ ನೌಕರಿ. ವಾದ ಮಾಡುವ ಧೈರ್ಯ ಎಲ್ಲಿಂದ ಬರಬೇಕು? ಒಂದೊಂದಕ್ಕೂ "ಮಾಹಿತಿ ಕೋಣೆ, ಮಾಗಳ" ಎಂದು ಮುದ್ರೆ ಒತ್ತಿದೆ. ಮುದ್ರೆ ಬಿದ್ದ ಜಾಗದಲ್ಲಿ ಆ ಸೀಮೆಯ ಹೆಸರು ಮುಚ್ಚಿ ಹೋಯಿತು.

"ಮುಗಸಾದು ತಾನಾ? ನನಗ ಬಿಡ್ರಿ," ಎಂದ ತೆಪ್ಪದಣ್ಣ. ಕಟ್ಟುಗಳನ್ನು ನಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರಿಗೆ ಕೊಟ್ಟ. ಕಂಡಕ್ಟರು ಅವನ್ನು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹೀಗೆ ಬಸ್ ಸ್ಟ್ಯಾಂಡುಗಳ ಪಕ್ಕದ ಮಂಡಕ್ಕಿ ಮಿರ್ಚಿ ಅಂಗಡಿಗಳಿಗೆ ಕೊಟ್ಟ. ಮಿರ್ಚಿ ಕಟ್ಟಿ ಕೊಡಲು ಅದಕ್ಕಿಂತ ಒಳ್ಳೆ ಕಾಗದ ಐದು ತಾಲೂಕಿನಲ್ಲಿ ಇರಲಿಲ್ಲ. ದಪ್ಪ, ಎಣ್ಣೆ ಹೀರುವುದಿಲ್ಲ.

ಹದಿನೈದು ದಿನಕ್ಕೆ ಕೊಟ್ಟೂರಿನ ಅಂಗಡಿಯವನು ಅರ್ಧ ಕಟ್ಟನ್ನು ಅದೇ ಕಂಡಕ್ಟರ್ ಕೈಯಲ್ಲಿ ವಾಪಸ್ ಕಳಿಸಿದ. ಜೊತೆಗೆ ಒಂದು ದೂರು: "ಅಕ್ಕಾರಿಗೆ ಹೇಳ್ರಿ. ಜನ ಮಿರ್ಚಿ ತಿಂದ ಮ್ಯಾಲೂ ಕಾಗದ ಓದಿಕ್ಯಾಂತ ಕುಂದ್ರತಾರ. ಬೆಂಚು ಖಾಲಿ ಆಗವಲ್ದು."

ನಾನೀಗ ಬರೆಯುತ್ತಿರುವುದು ಆ ವಾಪಸ್ ಬಂದ ಕಟ್ಟಿನ ಮೇಲೆ.

ಹರಕೆ ಕಡಿಮೆ ಮಾಡಿದ್ದು

ಓದಿದವರಲ್ಲಿ ಹರಪನಹಳ್ಳಿಯ ಮೆಕ್ಕೆಜೋಳದ ಸಾವುಕಾರರೂ ಒಬ್ಬರು. ಬೇಸಿಗೆಯ ಒಂದು ಭಾನುವಾರ ಹೆಂಡತಿ, ಎರಡು ಮಕ್ಕಳು, ಒಂದು ಚೀಲ ಮಂಡಕ್ಕಿಯ ಸಮೇತ ಜೀಪಿನಲ್ಲಿ ಇಳಿದರು. ಎಣ್ಣೆಯ ಕಲೆಯ ಕಾಗದವನ್ನು ನನ್ನ ಮೇಜಿನ ಮೇಲೆ ಹರಡಿದರು.

"ಈ ನೀರಿನ ಆಟ ಎಲ್ಲೈತ್ರಿ?"

"ಇಲ್ಲಿಲ್ಲ ಸಾವ್ಕಾರ್ರೆ. ಕಾಗದ ತಪ್ಪಿ ಬಂದಿದೆ."

"ಮುದ್ರಿ ನಿಮ್ದಾ ಐತಲ್ರಿ? ಹುಡುಗ್ರಿಗೆ ಮಾತು ಕೊಟ್ಟೀನಿ."

ಬಾಗಿಲಲ್ಲಿದ್ದ ತೆಪ್ಪದಣ್ಣ ನಡುವೆ ಬಾಯಿ ಹಾಕಿದ. "ಬಂದವ್ರನ್ನ ಹಂಗಾ ಕಳಸಾಕ ಬರ್ತೈತೇನ್ರಿ ಅಕ್ಕಾ? ಆಟ ಆಡ್ಸೋಣ."

ಸಾವುಕಾರರಿಗೆ ಚಿತ್ರದಲ್ಲಿದ್ದ ಹಾಗೆ ಕಿತ್ತಳೆ ಜಾಕೀಟು ಬೇಕಿತ್ತು. ಜಾಕೀಟು ಇರಲಿಲ್ಲ. ನಮ್ಮ ಕಡೆ ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಾರೆ, ಮುಳುಗದಿರಲಿ ಅಂತ. ಸಾವುಕಾರರ ಹೊಟ್ಟೆಯ ಸುತ್ತ ಅಂಥ ನಾಲ್ಕು ಬುರುಡೆ ಕಟ್ಟಿ, ಬಣ್ಣಕ್ಕೆ ಕೊರತೆ ಆಗದಿರಲೆಂದು ತೆಪ್ಪದಣ್ಣ ತನ್ನ ಕೇಸರಿ ಟವೆಲನ್ನು ಅವರಿಗೆ ಹೊದಿಸಿದ.

ಹೊಳೆ ಬೇಸಿಗೆಗೆ ಇಳಿದಿತ್ತು. ನೊರೆ ಎಲ್ಲಿಂದ ತರುವುದು? ತೆಪ್ಪವನ್ನು ದಂಡೆಯಿಂದ ಸ್ವಲ್ಪ ಆಚೆ ಒಯ್ದು ಹುಟ್ಟನ್ನು ಒಂದೇ ಬದಿಗೆ ಹಾಕತೊಡಗಿದ. ತೆಪ್ಪ ಬುಗುರಿಯಾಯಿತು. ಮಕ್ಕಳು ಕೇಕೆ ಹಾಕಿದವು. ಹೆಂಡತಿ ಒಂದು ಕೈಯಲ್ಲಿ ಅಂಚು ಹಿಡಿದು ಇನ್ನೊಂದು ಕೈಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು. ಸಾವುಕಾರರು ಮಾತ್ರ ಕಣ್ಣು ಮುಚ್ಚಿ ನಾಲ್ಕೂ ಬುರುಡೆಗಳನ್ನು ತಬ್ಬಿಕೊಂಡರು.

"ಅಯ್ಯಪ್ಪಾ! ನಿಲ್ಸೋ ಮಾರಾಯಾ! ದೇವ್ರೇ, ದಂಡಿ ಮುಟ್ಟಿಸು, ಐವತ್ತೊಂದು ಕಾಯಿ ಒಡಸ್ತೀನಿ!"

ತೆಪ್ಪ ತಿರುಗಿತು.

"ನೂರಾವೊಂದು!"

ಇನ್ನೂ ತಿರುಗಿತು.

"ಗುಡಿಗೆ ಗಂಟಿ ಮಾಡಿಸ್ತೀನಿ! ಹಿತ್ತಾಳಿದು!"

ತೆಪ್ಪದಣ್ಣ ಒಳ್ಳೆಯ ಮನುಷ್ಯ. ತಡೆಯಲಾಗದೆ ಹುಟ್ಟು ಎತ್ತಿದ. "ಸಾವ್ಕಾರ್ರ, ಹರಕಿ ಸ್ವಲ್ಪ ಕಮ್ಮಿ ಮಾಡ್ಕ್ಯಳ್ರಿ. ನೀರು ಮಣಕಾಲುದ್ದ ಐತಿ."

ಸಾವುಕಾರರು ಒಂದು ಕಣ್ಣು ತೆರೆದು, ಕೆಳಗಿಳಿದು, ಬುರುಡೆಗಳ ಸಮೇತ ನಡೆದುಕೊಂಡೇ ದಂಡೆಗೆ ಬಂದರು. ಹೆಂಡತಿ ಅಲ್ಲಿಂದಲೇ ಕೂಗಿದರು: "ಅಣ್ಣಾ, ಇನ್ನೊಂದು ಸುತ್ತು ಹೊಡಿ. ಗಂಟಿ ತನಕ ಬಂದಾರ, ಗೋಪುರನೂ ಆಗ್ಲಿ!"

ಎಷ್ಟು ಹಳೆಯದು?

ಇನ್ನೊಂದು ಸಲ ವಿದೇಶದ ವಯಸ್ಸಾದ ಗಂಡ ಹೆಂಡತಿ ಬಂದರು. ಹೊಸಪೇಟೆ ಕಡೆ ತಿರುಗಾಡುವಾಗ ಯಾರೋ ಮಿರ್ಚಿ ಕಟ್ಟಿಕೊಟ್ಟ ಕಾಗದದಲ್ಲಿ ದ್ರಾಕ್ಷಿ ತೋಟದ ಚಿತ್ರ ನೋಡಿದ್ದರು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಇಲ್ಲಿ ಅಂಥದ್ದಿಲ್ಲ ಎಂದೆ. ಅವರು ನಗುತ್ತ ನನ್ನ ಮುದ್ರೆ ತೋರಿಸಿದರು. ಆ ಮುದ್ರೆ ನನ್ನನ್ನು ಎಷ್ಟು ಸಲ ಸಿಕ್ಕಿಸಿಹಾಕಿತೋ!

ಕಂಡಕ್ಟರು ನೆನಪು ಮಾಡಿದ: "ಕೂಡ್ಲಿಗಿ ತಾಲೂಕು ಹೊಸಹಳ್ಳಿ ಕಡಿ ಒಬ್ಬ ಕುರಿ ಸಾಕಾ ಅಜ್ಜ ಕಾಲು ಎಕರೆ ದ್ರಾಕ್ಷಿ ಹಚ್ಯಾನ್ರಿ."

ತಪ್ಪು ನನ್ನ ಕೋಣೆಯದು, ಅವರಿಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ. ಬಾಗಿಲು ಹಾಕಿ ನಾನೂ ಬಸ್ಸು ಹತ್ತಿದೆ. ಎರಡು ಬಸ್ಸು ಬದಲಿಸಿ ಮಧ್ಯಾಹ್ನ ಮುಟ್ಟಿದೆವು. ಹೆಗಲ ಮೇಲೆ ಕಂಬಳಿ ಹಾಕಿದ ಅಜ್ಜ, ಹಣೆ ತುಂಬ ಭಂಡಾರದ ಅರಿಶಿನ ಹಚ್ಚಿದ ಅಜ್ಜಿ. ಮನೆದೇವರ ಆಣೆಗೆ ಕಟ್ಟುಬಿದ್ದು ಆ ಮನೆಯಲ್ಲಿ ಯಾರೂ ಹನಿ ಹೆಂಡ ಮುಟ್ಟಿದವರಲ್ಲ.

ಆ ವಿದೇಶದ ಮುದುಕ ಬಳ್ಳಿ ಕಂಡದ್ದೇ ಅಜ್ಜನ ಕೈ ಹಿಡಿದುಕೊಂಡ. ತನ್ನ ಊರಿನಲ್ಲಿ ಅವನೂ ದ್ರಾಕ್ಷಿ ಬೆಳೆಯುವವನೇ ಅಂತೆ. ಬಳ್ಳಿಯನ್ನು ಎಲ್ಲಿ ಕತ್ತರಿಸಬೇಕು ಎಂದು ಅವನು ತೋರಿಸಿದ. ಇಲ್ಲಿಯ ಬಿಸಿಲಿಗೆ ಅಲ್ಲಿ ಕತ್ತರಿಸಬಾರದು ಎಂದು ಅಜ್ಜ ಅವನ ಕೈ ಸರಿಸಿದ. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಒಂದು ತಾಸು ಜಗಳವಾಡಿದರು. ನನಗೆ ಅನುವಾದ ಮಾಡುವ ಕೆಲಸವೇ ಬೀಳಲಿಲ್ಲ.

ಕಷ್ಟ ಬಂದದ್ದು ಅಡುಗೆ ಮನೆಯಲ್ಲಿ. "ಅವರ ಪದ್ಧತಿಯಲ್ಲಿ ಬಂದವರಿಗೆ ಸಣ್ಣ ಸಣ್ಣ ಲೋಟದಲ್ಲಿ ಬೇರೆ ಬೇರೆಯದನ್ನು ಒಂದೊಂದು ಗುಟುಕು ಕೊಟ್ಟು ರುಚಿ ತೋರಿಸುತ್ತಾರೆ," ಎಂದು ಅಜ್ಜಿಗೆ ಹೇಳಿದೆ.

ಅಜ್ಜಿಗೆ ಗಾಬರಿ. "ಒಂದ್ ಗುಟುಕಾ? ಅಷ್ಟು ದೂರದಿಂದ ಬಂದವ್ರಿಗಿ? ಯವ್ವಾ, ನಮ್ಮ ಮನಿ ಮರ್ಯಾದಿ ಏನಾಗ್ಬೇಕು? ಚೊಂಬು ತುಂಬ ಕೊಡ್ತೀನಿ."

ಬಹಳ ಹೊತ್ತು ಬೇಡಿಕೊಂಡ ಮೇಲೆ ಚಹಾದ ಲೋಟಕ್ಕೆ ಒಪ್ಪಿದಳು. ದ್ರಾಕ್ಷಿ ರಸ, ಹುಣಸೆ ಪಾನಕ, ಬೆಲ್ಲದ ನೀರು, ಜೀರಿಗೆ ಕಷಾಯ, ಕೊನೆಗೆ ಶುಂಠಿ ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆ. ಐದು ಲೋಟ ಸಾಲಾಗಿ ಇಟ್ಟಳು.

ಗಂಡ ಹೆಂಡತಿ ಲೋಟ ಎತ್ತಿ ಬಿಸಿಲಿಗೆ ಹಿಡಿದರು. ಮೆಲ್ಲಗೆ ತಿರುಗಿಸಿದರು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಅಜ್ಜ ನನ್ನ ಕಿವಿಯ ಹತ್ತಿರ ಬಂದ: "ಯಾಕ ಹಂಗ ನೋಡಾಕತ್ಯಾರ ತಂಗಿ? ಲೋಟದಾಗ ಇರಿವಿ ಬಿದ್ದೈತೇನು?"

ಒಂದೊಂದಾಗಿ ಮುಗಿಸಿ ಮಜ್ಜಿಗೆಗೆ ಬಂದರು. ಕುಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಇಂಥದ್ದನ್ನು ಎಲ್ಲೂ ಕುಡಿದಿಲ್ಲ ಎಂದರು. ಆಮೇಲೆ ಆ ಮುದುಕ ಬಹಳ ಗೌರವದಿಂದ ಕೇಳಿದ, ಇದು ಎಷ್ಟು ಹಳೆಯದು?

ನಾನು ಹಾಗೆಯೇ ಅಜ್ಜಿಗೆ ದಾಟಿಸಿದೆ. ಅಜ್ಜಿಯ ಮುಖ ಸಣ್ಣದಾಯಿತು. ಸೆರಗು ಬಾಯಿಗೆ ಹಿಡಿದುಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು: "ನಿನ್ನಿದ್ರಿ. ಭಾಳ ಹುಳಿ ಆಗೈತೇನು? ಇವತ್ತಿಂದು ಈಗಾ ಕಡೀತೀನಿ, ಕುಂದ್ರಾಕ ಹೇಳ್ರಿ."

ಬಂದ ಉದ್ದೇಶ

ಇಷ್ಟೆಲ್ಲ ಜನ ಬಂದರಲ್ಲ, ನಿಮ್ಮ ಕೋಣೆಗೆ ಏನು ಭಯ ಎಂದು ಕೇಳಬಹುದು. ಬಂದರು, ಆದರೆ ಪುಸ್ತಕದಲ್ಲಿ ಬರಲಿಲ್ಲ. ಪರ ಊರಿನವರು ಬರೆಯುತ್ತಿದ್ದರು. ಈ ಸೀಮೆಯವರು ನೀರು ಕುಡಿದು, ಗಂಟೆಗಟ್ಟಲೆ ಮಾತಾಡಿ, ನಾನು ಪೆನ್ನು ಎತ್ತಿದ ಕೂಡಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. "ಸಹಿ ಬ್ಯಾಡ ಬಿಡ್ರಿ ಅಕ್ಕಾ." ಹೊಲ ಮಾರುವಾಗ, ಮದುವೆ ಮಾತು ಮುಗಿಯುವಾಗ ಹಾಕುವಂಥದ್ದು ಸಹಿ. ಅದನ್ನು ನೀರು ಕುಡಿದದ್ದಕ್ಕೆ ಹಾಕುತ್ತಾರೆಯೇ? ಗಂಟೆ ಕಟ್ಟಿಸಲು ಬಂದ ಸಾವುಕಾರರೂ (ಹೌದು, ಹರಕೆ ತೀರಿಸಿದರು) ಸಹಿ ಹಾಕಿರಲಿಲ್ಲ.

ಅಂಗಡಿಗಳಲ್ಲಿ ಕರಪತ್ರವೂ ಮುಗಿದಿತ್ತು. ಮಗಳು ಹಡಗಲಿಯಲ್ಲಿ ಎರಡನೇ ಪಿಯುಸಿ. ಮಾರ್ಚ್‌ನಲ್ಲಿ ಅವಳ ಪರೀಕ್ಷೆ, ಮಾರ್ಚ್‌ನಲ್ಲೇ ನನ್ನದೂ. ಆಗ ಕಾಗದ ಬಂತು: ಸಂದರ್ಶಕರ ಸಂಖ್ಯೆ ತೃಪ್ತಿಕರವಾಗಿಲ್ಲ, ಸೋಮವಾರ ಅಧಿಕಾರಿಗಳು ಖುದ್ದಾಗಿ ಪುಸ್ತಕ ಪರಿಶೀಲಿಸಿ ಕೋಣೆಯನ್ನು ಮುಂದುವರಿಸುವ ಅಥವಾ ಮುಚ್ಚುವ ಬಗ್ಗೆ ತೀರ್ಮಾನಿಸುವರು.

ಓದುವಾಗ ತೆಪ್ಪದಣ್ಣ ಬಾಗಿಲಲ್ಲಿದ್ದ.

"ಮುಚ್ಚಿದ್ರ ಎಲ್ಲಿ ಹೋಗ್ತೀರಿ ಅಕ್ಕಾ?"

"ಅಣ್ಣನ ಮನೆಗೆ."

"ಮಗಳ ಓದು?"

ನಾನು ಕಾಗದ ಮಡಚಿದೆ. ಅವನು "ಹೂಂ" ಎಂದು ಎದ್ದು ಹೋದ. ಬಸ್ಸು ಬಂದಾಗ ಕಂಡಕ್ಟರಿನ ಜೊತೆ ಏನೋ ಮಾತಾಡುವುದು ಕಂಡಿತು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಹೊಳೆ ಕಾಣಲಿಲ್ಲ, ಜನ ಕಂಡರು. ಹರಪನಹಳ್ಳಿಯಿಂದ ಸಾವುಕಾರರ ಇಡೀ ಮನೆತನ ಬಂದಿತ್ತು. ಹೊಸಹಳ್ಳಿ ಅಜ್ಜ ಅಜ್ಜಿ ಮಜ್ಜಿಗೆಯ ಕೊಡದ ಜೊತೆ ಬಂದಿದ್ದರು. ಕೊಟ್ಟೂರಿನ ಮಿರ್ಚಿ ಅಂಗಡಿಯವನು ಅಂಗಡಿ ಮುಚ್ಚಿ ಬಾಣಲೆ ಹೊತ್ತು ಬಂದಿದ್ದ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ, ಯಾವ ಯಾವ ಬಸ್ಸಿನವರೋ. ಮೇವಿನ ಮುದುಕಿಯೂ ಸಾಲಿನಲ್ಲಿದ್ದಳು. ನನ್ನನ್ನು ಮೇಜಿನ ಹತ್ತಿರ ಬಿಡಲಿಲ್ಲ. "ನೀವು ಚಾ ಮಾಡ್ರಿ ಅಕ್ಕಾ, ಪುಸ್ತಕ ನಾವು ನೋಡ್ಕ್ಯಂತೀವಿ." ತೆಪ್ಪದಣ್ಣನ ಹೆಂಡತಿಯೂ ನಾನೂ ಹಿಂದೆ ಕೂತು ಸಂಜೆಯವರೆಗೆ ಚಹಾ ಕಾಯಿಸಿದೆವು. ಸಹಿ ಎಂದರೆ ಓಡುತ್ತಿದ್ದವರು ಬಿಸಿಲಲ್ಲಿ ನಿಂತು ಸಹಿ ಹಾಕಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಪುಸ್ತಕ ತುಂಬಿತು. ನನಗೆ ಕಣ್ಣು ತುಂಬಿತ್ತು, ಅದನ್ನು ತೆರೆದು ನೋಡಲಿಲ್ಲ.

ಅಲ್ಲೇ ತಪ್ಪಾದದ್ದು.

ಸೋಮವಾರ ಅಧಿಕಾರಿಗಳು ಬಂದು ನನ್ನ ಸ್ಟೂಲಿನ ಮೇಲೆ ಕೂತರು. ಅದು ಅಳ್ಳಾಡಿತು. ಒಂದು ಕೈಯಲ್ಲಿ ಮೇಜು ಹಿಡಿದು ಪುಸ್ತಕ ತೆರೆದರು. ಒಂದು ಪುಟ ತಿರುವಿದರು, ಎರಡು, ಐದು, ಹತ್ತು.

"ಇಷ್ಟು ಜನ ಒಂದೇ ದಿನ ಬಂದರೇ?"

"ಹೌದು ಸಾರ್."

"ನೀವು ಇದನ್ನು ಓದಿದ್ದೀರಾ?"

ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಮೊದಲ ಸಾಲು ಸಾವುಕಾರರ ದುಂಡನೆ ಅಕ್ಷರ. ಹೆಸರು, ಊರು. 'ಬಂದ ಉ‌ದ್ದೇಶ' ಎಂಬ ಕಡೆ: "ಅಕ್ಕನ ನೌಕರಿ ಉಳಿಸಾಕ."

ಅದರ ಕೆಳಗೆ ಮಿರ್ಚಿ ಅಂಗಡಿಯವನು: "ಮೇಲಿನಂತೆ." ಅದರ ಕೆಳಗೆ: "ಮೇಲಿನಂತೆ." ಪುಟದ ಕೊನೆಯವರೆಗೂ ಮೇಲಿನಂತೆ. ಮುಂದಿನ ಪುಟ, ಅದರ ಮುಂದಿನ ಪುಟ, ಹೆಬ್ಬೆಟ್ಟುಗಳ ಪಕ್ಕದಲ್ಲೂ ಯಾರೋ ಬರೆದುಕೊಟ್ಟಿದ್ದರು, ಮೇಲಿನಂತೆ. 'ನೋಡಿದ ಸ್ಥಳ': "ಅಕ್ಕನ್ನ ನೋಡಿದ್ವಿ." ಮೇಲಿನಂತೆ, ಮೇಲಿನಂತೆ. 'ಸಲಹೆ': "ಅಕ್ಕಗ ಒಂದು ಕುರ್ಚಿ ಕೊಡ್ರಿ. ಸ್ಟೂಲು ಅಳ್ಳಾಡ್ತೈತಿ." ಮೇಲಿನಂತೆ.

ನನ್ನ ಕಾಲ ಕೆಳಗಿನ ನೆಲ ತೆಪ್ಪದ ಹಾಗೆ ತಿರುಗಿತು. ಅಣ್ಣನ ಮನೆಯ ಅಂಗಳ ಕಣ್ಣ ಮುಂದೆ ಬಂತು.

ಅಧಿಕಾರಿಗಳು ಬಾಗಿಲಲ್ಲಿ ನಿಂತಿದ್ದ ತೆಪ್ಪದಣ್ಣನನ್ನು ಕೇಳಿದರು. "ಯಾರಪ್ಪ ಹೀಗೆ ಬರೆಸಿದ್ದು? ಗುಡಿ ನೋಡಲು ಬಂದೆವು ಎಂದು ಬರೆದಿದ್ದರೆ ಆಗುತ್ತಿರಲಿಲ್ಲವೇ?"

ತೆಪ್ಪದಣ್ಣ ಟವೆಲು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಗುಡಿ ನೋಡಾಕ ಯಾರೂ ಬಂದಿದ್ದಿಲ್ರಿ ಸಾಹೇಬ್ರ. ಸಹಿ ಹಾಕಾ ಪುಸ್ತಕದಾಗ ಸುಳ್ಳು ಬರೀತಾರೇನ್ರಿ?"

ಅಧಿಕಾರಿಗಳು ಪುಸ್ತಕವನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. ಅಜ್ಜಿ ಬಿಟ್ಟುಹೋದ ಕೊಡದಲ್ಲಿ ಉಳಿದಿದ್ದ ಮಜ್ಜಿಗೆಯನ್ನು ಕೊಟ್ಟೆ. ಕುಡಿದರು. ಅದು ಎಷ್ಟು ಹಳೆಯದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಜೇಬಿನಿಂದ ಪೆನ್ನು ತೆಗೆದರು. ತಪಾಸಣೆಗೆ ಬಂದವರೂ ಪುಸ್ತಕದಲ್ಲಿ ನಮೂದಿಸಿ ಹೋಗಬೇಕೆಂಬುದು ನಿಯಮ. ಕೊನೆಯ ಸಾಲಿನಲ್ಲಿ ಬರೆದು, ಪುಸ್ತಕ ಮುಚ್ಚಿ, ನನಗೆ ಕೈಮುಗಿದು ಜೀಪು ಹತ್ತಿದರು.

ಧೂಳು ಇಳಿದ ಮೇಲೆ ತೆರೆದು ನೋಡಿದೆ. ಹೆಸರು. ಹುದ್ದೆ. ಬಂದ ಉದ್ದೇಶ: "ಮೇಲಿನಂತೆ." ಸಲಹೆ: "ಮೇಲಿನಂತೆ."

ಹದಿನೈದು ದಿನಕ್ಕೆ ಬಸ್ಸಿನ ಮೇಲೆ ಒಂದು ಕುರ್ಚಿ ಬಂತು, ಕೈ ಇರುವಂಥದ್ದು. ಅದರ ಕಾಲಿಗೆ ದಾರದಲ್ಲಿ ಕಟ್ಟಿದ ಲಕೋಟೆಯಲ್ಲಿ ಮುಂದಿನ ವರ್ಷದ ಆದೇಶ. ಮಗಳು ಪರೀಕ್ಷೆ ಬರೆದಳು, ಪಾಸಾದಳು, ಹಗರಿಬೊಮ್ಮನಹಳ್ಳಿಯಲ್ಲಿ ಟೀಚರಾದಳು. ಅವಳ ಮಗಳು ರಜೆಗೆ ಬಂದು ಈಗ, ನಾನು ಕೆಲಸ ಬಿಡುವಾಗ ನನಗೇ ಕೊಟ್ಟ ಅದೇ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಮಂಡಕ್ಕಿ ತಿನ್ನುತ್ತಿದ್ದಾಳೆ. ನನಗೆ ಅರವತ್ತಾಗುವವರೆಗೆ ಆ ಕೋಣೆ ಮುಚ್ಚಲಿಲ್ಲ. ಹುಟ್ಟಿದೂರಿಗೆ ಅಣ್ಣನ ಮಕ್ಕಳ ಮದುವೆಗಳಿಗೆ ಹೋಗಿಬಂದೆ, ಉಡುಗೊರೆ ತೆಗೆದುಕೊಂಡು, ನೆಂಟಳ ಹಾಗೆ. ಈಗ ಅತ್ತಿಗೆಯೇ ಕಾಗದ ಬರೆದು ಕರೆಯುತ್ತಾಳೆ.

ಆ ಲಕೋಟೆಯ ಆದೇಶದಲ್ಲೂ ನನ್ನ ನೌಕರಿಯ ಹೆಸರು ಉದ್ದಕ್ಕೆ ಇತ್ತು. ಪ್ರವಾಸಿ ಮಾಹಿತಿ ಸಹಾಯಕಿ, ಆಮೇಲೆ ಕಂಸ, ಕಂಸದೊಳಗೆ...

ಹಾಂ! ಸಿಕ್ಕಿತು.

ಪುಟ್ಟೀ, ಎಣ್ಣೆ ಕೈ ಒರೆಸಿಕೊಂಡು ಇಲ್ಲಿ ಬಾ. ಮೊದಲನೇ ಕಾಗದದಲ್ಲಿ ಕಂಸ ಹಾಕಿ ಜಾಗ ಬಿಟ್ಟಿದ್ದೇನೆ, ನೋಡು. ನನಗೆ ನಗು ತಡೆಯುತ್ತಿಲ್ಲ, ಅಕ್ಷರ ಸೊಟ್ಟಗಾಗುತ್ತದೆ. ಹದಿನೆಂಟು ವರ್ಷ ನಾನು ಏನಾಗಿದ್ದೆ ಅಂತ ನೀನೇ ಬರೆದುಬಿಡು: ತಾತ್ಕಾಲಿಕ.